ಹಳದಿಯಾದರೂ ಅದು ರಕ್ತವೇ

ಬೀದಿಯಲ್ಲಿ ಒಬ್ಬಳು ಬಸುರಿ ಇದ್ದರೆ ಸಾಕು, ಬುದ್ಧಿ ಹೇಳುವವರಿಗೆ ಬರವಿರುವುದಿಲ್ಲ. ಹಾಗೆ ಮಲಗಬೇಡ, ಹೀಗೆ ಏಳಬೇಡ, ಅದನ್ನು ತಿನ್ನು, ಇದನ್ನು ಎತ್ತಬೇಡ ಎಂದು ಹೋಗಿ ಬರುವವರೆಲ್ಲ ಒಂದೊಂದು ಮಾತು ಎಸೆದು ಹೋಗುತ್ತಾರೆ. ಬಣ್ಣದಯ್ಯನವರ ಮನೆಯಲ್ಲಿ ಆ ವರ್ಷ ಆದದ್ದೂ ಅದೇ.

ನೂಲಿಗೆ ಬಣ್ಣ ಹಾಕುವುದು ಅವರ ಕಸುಬು. ಆದ್ದರಿಂದಲೇ ಬೀದಿಯವರ ಬಾಯಲ್ಲಿ ಅವರು ಬಣ್ಣದಯ್ಯ. ಮನೆಯ ಹಿಂದೆ ತಗಡಿನ ಮಾಡು, ಮಾಡಿನ ಕೆಳಗೆ ಮೂರು ಒಲೆ, ಒಲೆಗಳ ಮೇಲೆ ಮೂರು ತಾಮ್ರದ ಕೊಪ್ಪರಿಗೆ. ಒಂದು ಕಾಲಕ್ಕೆ ಮೂರೂ ಒಟ್ಟಿಗೆ ಕುದಿಯುತ್ತಿದ್ದವು. ಅವರು ನೂಲಿನ ಲಡಿಗಳನ್ನು ಕೋಲಿಗೆ ಹಾಕಿ ಅದ್ದಿ ಎತ್ತಿದರೆ, ಹೆಂಡತಿ ಹಿಂಡಿ ಒಣಗಹಾಕುವಳು. ಹೆಂಡತಿ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಈಗ ಒಂದೇ ಒಲೆ ಉರಿಯುತ್ತಿತ್ತು. ಉಳಿದೆರಡು ಕೊಪ್ಪರಿಗೆಗಳನ್ನು ಅವರು ಬೋರಲು ಹಾಕಿಟ್ಟಿದ್ದರು. ಆದರೂ ಅವನ್ನು ಆಗಾಗ ತಿಕ್ಕಿ ತೊಳೆಯುವುದನ್ನು ಮಾತ್ರ ಬಿಟ್ಟಿರಲಿಲ್ಲ.

"ಯಾರಿಗೋಸ್ಕರ ತೊಳೀತೀಯಪ್ಪ?" ಎಂದು ಮಗಳು ಕೇಳಿದರೆ, "ನಿಮ್ಮಮ್ಮ ನೋಡಿದರೆ ಬೈಯ್ತಾಳೆ" ಎನ್ನುತ್ತಿದ್ದರು.

ಒಬ್ಬಳೇ ಮಗಳು. ಅಳಿಯ ದೂರದ ಊರುಗಳಿಗೆ ಲಾರಿ ಓಡಿಸುವವನು. ಅವನು ದಾರಿಯ ಮೇಲಿದ್ದಷ್ಟು ದಿನವೂ ಅವಳು ಅಪ್ಪನ ಮನೆಯಲ್ಲೇ ಇರುತ್ತಿದ್ದಳು. ಈಗ ಅವಳು ಚೊಚ್ಚಲ ಬಸುರಿ. ಹೆಂಡತಿಯನ್ನು ಕಳೆದುಕೊಂಡ ಮನೆಗೆ ದೇವರು ಒಂದು ಮಗುವನ್ನು ಕಳಿಸುತ್ತಿದ್ದಾನೆ ಎಂದು ಬಣ್ಣದಯ್ಯ ನಂಬಿದ್ದರು. ದಿನಾ ಬೆಳಗ್ಗೆ ಒಲೆ ಹೊತ್ತಿಸುವ ಮೊದಲು ಕಣ್ಣು ಮುಚ್ಚಿ ಕೈಮುಗಿದು, ಅದೊಂದನ್ನೇ ಕೇಳಿಕೊಳ್ಳುತ್ತಿದ್ದರು.

ಮನೆಮನೆಗೆ ಬಂದು ಬಸುರಿಯರನ್ನು ನೋಡಿಹೋಗುವ ನರ್ಸಮ್ಮ ಒಂದು ಬೆಳಗ್ಗೆ ಬಂದು ಜಗಲಿಯ ಮೇಲೆ ಕೂತರು. ಪಕ್ಕದ ಇಸ್ತ್ರಿ ಅಂಗಡಿಯಾಕೆ ತನ್ನ ಇಸ್ತ್ರಿ ಪೆಟ್ಟಿಗೆಯನ್ನು ಕೆಂಡದ ಸಮೇತ ಪಕ್ಕಕ್ಕಿಟ್ಟು, ಕರೆಯದಿದ್ದರೂ ಬಂದು ಬಾಗಿಲಿಗೊರಗಿ ನಿಂತಳು. ಆಕೆಯನ್ನು ಎಲ್ಲರೂ ಇಸ್ತ್ರಿಯಕ್ಕ ಎನ್ನುತ್ತಿದ್ದರು. ಆಕೆಗೆ ತಿಳಿಯದ ಸುದ್ದಿ ಆ ಬೀದಿಯಲ್ಲಿ ಸುದ್ದಿಯೇ ಅಲ್ಲ.

"ನಿನ್ನ ರಕ್ತದ ಗುಂಪು ಓ ನೆಗೆಟಿವ್ ಅಂತ ಬಂದಿದೆ ಮಗಳೆ," ಎಂದರು ನರ್ಸಮ್ಮ. "ನಿನ್ನ ಗಂಡಂದು?"

"ಅವರದು ಓ ಪಾಸಿಟಿವ್. ಲೈಸೆನ್ಸ್ ಮಾಡಿಸುವಾಗ ನೋಡಿಸಿದ್ದರು."

"ಹಾಗಾದರೆ ಮಗು ಪಾಸಿಟಿವ್ ಆಗಿರಬಹುದು. ನಾವು ಸ್ವಲ್ಪ ಹುಷಾರಾಗಿರಬೇಕು."

ಇಸ್ತ್ರಿಯಕ್ಕ ಅಲ್ಲಿಂದಲೇ ಕೈಯಾಡಿಸಿದಳು. "ಅಯ್ಯೋ ನರ್ಸಮ್ಮ, ಸುಮ್ಮನೆ ಯಾಕೆ ಹೆದರಿಸ್ತೀರಿ? ನನ್ನ ನಾದಿನಿನೂ ನೆಗೆಟಿವ್ವೇ. ಮೊದಲನೇ ಮಗುಗೆ ಏನೂ ಆಗಲ್ಲ. ಏನಿದ್ದರೂ ಎರಡನೇದಕ್ಕೆ. ಇವಳಿನ್ನೂ ಮೊದಲನೇದೇ ಹೆತ್ತಿಲ್ಲ, ನೀವು ಆಗಲೇ ಎರಡನೇದರ ಚಿಂತೆ ಮಾಡ್ತಿದ್ದೀರಿ!"

ಎಲ್ಲರೂ ನಕ್ಕರು. ನರ್ಸಮ್ಮನೂ ನಕ್ಕರು. "ನೀನು ಹೇಳಿದ್ದು ಸಾಮಾನ್ಯವಾಗಿ ಸರಿ ಅಕ್ಕ. ಆದರೆ ಎಲ್ಲರಿಗೂ ಸರಿಯಲ್ಲ. ಮಗಳೆ, ನಿನಗೆ ಯಾವತ್ತಾದರೂ ರಕ್ತ ಹಾಕಿದ್ದಾರಾ?"

ಮಗಳು ಅಪ್ಪನ ಮುಖ ನೋಡಿದಳು. ಬಣ್ಣದಯ್ಯ ತಲೆಯಾಡಿಸಿದರು. "ಇಲ್ಲ ತಾಯಿ. ಚಿಕ್ಕವಳಿದ್ದಾಗ ಒಂದು ಜ್ವರ ಬಂದಿತ್ತು. ಅಷ್ಟೆ. ರಕ್ತ ಹಾಕಿಲ್ಲ."

"ಗರ್ಭ ಇಳಿದದ್ದು, ಗಿಳಿದದ್ದು?"

"ಇಲ್ಲ ನರ್ಸಮ್ಮ," ಎಂದಳು ಮಗಳು.

"ಒಳ್ಳೇದು. ಆದರೂ ಆಂಟಿಬಾಡಿ ಪರೀಕ್ಷೆ ಮಾಡಿಸಲೇಬೇಕು. ನೆಗೆಟಿವ್ ಇರೋ ಬಸುರಿಯರಿಗೆಲ್ಲ ಅದು ಬೇಕೇ ಬೇಕು. ದೊಡ್ಡಾಸ್ಪತ್ರೆಗೆ ಹೋಗಿ..."

ದೊಡ್ಡಾಸ್ಪತ್ರೆ ಎಂಬ ಮಾತು ಬಿದ್ದದ್ದೇ ಬಣ್ಣದಯ್ಯ ಎದ್ದು ನಿಂತರು. "ಅಲ್ಲಿಗೆ ಬೇಡ," ಎಂದರು. "ಹೆರಿಗೆ ಇಲ್ಲೇ ಮೂಲೆಯ ಹೆರಿಗೆ ಮನೆಯಲ್ಲಾಗಲಿ. ನಮ್ಮಮ್ಮ ನನ್ನನ್ನು ಹೆತ್ತಾಗ ಯಾವ ಪರೀಕ್ಷೆ ಇತ್ತು? ದೇವರಿದ್ದಾನೆ."

ನರ್ಸಮ್ಮ ವಾದ ಮಾಡಲಿಲ್ಲ. ಬಣ್ಣದಯ್ಯನವರ ಹೆಂಡತಿ ಕಣ್ಣು ಮುಚ್ಚಿದ್ದು ಅದೇ ಆಸ್ಪತ್ರೆಯಲ್ಲಿ ಎಂದು ಅವರಿಗೆ ಗೊತ್ತಿತ್ತು. ಅಂದು ಅದರ ಮೆಟ್ಟಿಲಿಳಿದು ಬಂದ ಬಣ್ಣದಯ್ಯ ಮತ್ತೆ ಆ ರಸ್ತೆಯಲ್ಲೇ ಕಾಲಿಟ್ಟಿರಲಿಲ್ಲ. ಬಣ್ಣದ ಪುಡಿ ತರಲು ಸುತ್ತು ದಾರಿ ಹಿಡಿಯುತ್ತಿದ್ದರು. ದುಃಖವಿರುವವರಿಗೆ ಒಂದೊಂದು ರಸ್ತೆ ಹೀಗೆ ಮುಚ್ಚಿಹೋಗುತ್ತದೆ. ಹೊರಗಿನವರು ಅದನ್ನು ಹಟ ಎನ್ನುತ್ತಾರೆ.

"ಆಯಿತು, ಕುಡಿಯೋಕೆ ಒಂದು ಲೋಟ ನೀರಾದರೂ ಕೊಡಿ," ಎನ್ನುತ್ತಾ ನರ್ಸಮ್ಮ ಕೈ ತೊಳೆಯಲು ಹಿತ್ತಲಿಗೆ ಹೋದರು. ಅಲ್ಲಿ ಹಗ್ಗದ ಮೇಲೆ ಒಂದು ಶಾಲು ಬಿಸಿಲು ಕಾಯುತ್ತಿತ್ತು. ಹಳದಿ ಶಾಲು. ಆದರೆ ಅಂಗಡಿಯಲ್ಲಿ ಕಾಣುವ ಹಳದಿಯಲ್ಲ. ಬೆಳಗಿನ ಎಳೆಬಿಸಿಲು ಸುಣ್ಣದ ಗೋಡೆಗೆ ಬಿದ್ದರೆ ಹೇಗಿರುತ್ತದೋ ಹಾಗೆ.

"ಎಂಥ ಚೆಂದದ ಬಣ್ಣ ಅಯ್ಯ! ಯಾರದಿದು?"

ಬಣ್ಣದಯ್ಯನವರ ಮುಖ ಅರಳಿತು. ಕೆಲಸದ ಮಾತು ಬಂದರೆ ಅವರ ಸಿಟ್ಟು ಉಳಿಯುತ್ತಿರಲಿಲ್ಲ. "ನನ್ನ ಹೆಂಡತಿದು. ಪೆಟ್ಟಿಗೆಯಲ್ಲಿತ್ತು. ಮಗು ಬಂದರೆ ಇದರಲ್ಲೇ ಸುತ್ತಬೇಕು ಅಂತ ನಿನ್ನೆ ತೆಗೆದು ಒಗೆದೆ. ಈ ಬಣ್ಣ ನಾನು ಇನ್ನೊಂದು ಸಲ ಹಾಕಿಲ್ಲ, ಹಾಕೋದೂ ಇಲ್ಲ. ಎಲ್ಲಿಂದ ಬಂತು ಗೊತ್ತಾ ಇದು?"

ಅವರು ಬೋರಲು ಹಾಕಿದ್ದ ಕೊಪ್ಪರಿಗೆಯ ಮೇಲೆ ಕೂತು ಹೇಳತೊಡಗಿದರು. ಮಗಳು ಆಗ ಚಿಕ್ಕವಳು, ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದವಳು. ಡೆಂಗಿ ಜ್ವರ ಬಂತು. ಮೈಮೇಲೆಲ್ಲ ಕೆಂಪು ಚುಕ್ಕೆ, ವಸಡಿನಲ್ಲಿ ರಕ್ತ. ಅದೇ ಆಸ್ಪತ್ರೆಯ ಕಿಟಕಿ ಪಕ್ಕದ ಹಾಸಿಗೆ. ಹೆಂಡತಿ ಮಗಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವಳ ಉಗುರು ಸಂದಿಯಲ್ಲಿ ಹಿಂದಿನ ದಿನ ಅದ್ದಿದ ನೀಲಿ ಇನ್ನೂ ಇತ್ತು. ವೈದ್ಯರು ಬಂದು ಒಂದು ಪುಟ್ಟ ಚೀಲ ತೂಗುಹಾಕಿದರು. ಹನಿ ಹನಿಯಾಗಿ ಅದು ಮಗಳ ಕೈಗೆ ಇಳಿಯತೊಡಗಿತು.

"ಆ ಚೀಲದ ಬಣ್ಣ ಇದು," ಎಂದರು ಬಣ್ಣದಯ್ಯ. "ಮಧ್ಯಾಹ್ನದ ಬೆಳಕು ಅದರ ಹಿಂದಿನಿಂದ ಬೀಳ್ತಿತ್ತು. ಮಗಳು ಸಾಯ್ತಾಳೋ ಬದುಕ್ತಾಳೋ ಗೊತ್ತಿಲ್ಲ, ನಾನು ಬಣ್ಣ ನೋಡ್ತಾ ನಿಂತಿದ್ದೆ. ಹಾಳು ಅಭ್ಯಾಸ. ಹೆಂಡತಿ ಬೈಯ್ತಾಳೆ ಅಂದುಕೊಂಡೆ. ಅವಳೂ ಅದನ್ನೇ ನೋಡ್ತಿದ್ದಳು! 'ರೀ, ಮಗು ಉಳಿದರೆ ಈ ಬಣ್ಣದಲ್ಲಿ ನನಗೊಂದು ಶಾಲು ಮಾಡಿಕೊಡಿ. ದೇವರು ಯಾವ ಬಣ್ಣದಲ್ಲಿ ಬಂದ ಅನ್ನೋದು ನೆನಪಿರಲಿ' ಅಂದಳು. ಮಗು ಉಳೀತು. ನಾನು ಎಷ್ಟು ಸಲ ಬಣ್ಣ ಕಲಸಿ ಚೆಲ್ಲಿದೆನೋ! ಒಂದು ಸಲ ಕಡು, ಒಂದು ಸಲ ಪೇಲವ. 'ಇದಲ್ಲ, ಇದಲ್ಲ' ಅಂತ ಅವಳು ಹಿಂದಕ್ಕೆ ಕಳಿಸೋದೇ. ಕೊನೆಗೊಂದು ದಿನ ನೋಡಿ ಸುಮ್ಮನೆ ಕಣ್ಣಿಗೊತ್ತಿಕೊಂಡಳು."

ಅವರು ಮಾತು ಮುಗಿಸಿ ತಲೆಯೆತ್ತಿದರು. ನರ್ಸಮ್ಮನ ಕೈಯಲ್ಲಿ ನೀರಿನ ಲೋಟ ಹಾಗೇ ಇತ್ತು. ಒಂದು ಗುಟುಕೂ ಕುಡಿದಿರಲಿಲ್ಲ.

"ಅಯ್ಯ, ಆ ಚೀಲದಲ್ಲಿ ಇದ್ದದ್ದೇನು?"

"ಪ್ಲೇಟ್‌ಲೆಟ್ಟೋ ಏನೋ ಅಂದರು."

"ಮತ್ತೆ ರಕ್ತ ಹಾಕಿಲ್ಲ ಅಂದಿರಲ್ಲ?"

"ರಕ್ತ ಎಲ್ಲಿ ಹಾಕಿದರು? ಹಳದಿ ನೀರು ತಾಯಿ! ನಾನು ಈ ಕಣ್ಣಿನಿಂದ ಹೊಟ್ಟೆ ಹೊರೆದವನು. ಕೆಂಪು ಯಾವುದು, ಹಳದಿ ಯಾವುದು ಅಂತ ನನಗೆ ಹೇಳಿಕೊಡ್ತೀರಾ?"

"ಕೂತುಕೊಳ್ಳಿ ಅಯ್ಯ," ಎಂದರು ನರ್ಸಮ್ಮ. ಮಗಳನ್ನೂ ಹತ್ತಿರ ಕರೆದರು. ಕರೆಯುವ ಮೊದಲೇ ಇಸ್ತ್ರಿಯಕ್ಕ ಬಂದಿದ್ದಳು.

"ಯಾರೋ ಪುಣ್ಯಾತ್ಮರು ಕೊಟ್ಟ ರಕ್ತ ಅದು. ರಕ್ತದಲ್ಲಿ ಕೆಂಪು ಕಣ ಇರುತ್ತೆ, ಸೋರುವ ರಕ್ತವನ್ನು ನಿಲ್ಲಿಸೋ ಪ್ಲೇಟ್‌ಲೆಟ್ ಇರುತ್ತೆ, ಹಳದಿ ದ್ರವ ಇರುತ್ತೆ. ಅದನ್ನು ಬೇರೆ ಬೇರೆ ಮಾಡ್ತಾರೆ. ಕೆಂಪನ್ನು ಒಂದು ಚೀಲಕ್ಕೆ ಇಳಿಸಿ, ಪ್ಲೇಟ್‌ಲೆಟ್‌ಗಳನ್ನು ಸ್ವಲ್ಪ ಹಳದಿ ದ್ರವದ ಜೊತೆ ಇನ್ನೊಂದು ಚೀಲಕ್ಕೆ ತೆಗೀತಾರೆ. ಅದಕ್ಕೇ ಆ ಬಣ್ಣ. ಆದರೆ ಎಷ್ಟು ಹುಷಾರಾಗಿ ತೆಗೆದರೂ ಒಂದಿಷ್ಟು ಕೆಂಪು ಕಣ ಅದರಲ್ಲಿ ಉಳಿದುಬಿಡುತ್ತೆ. ಕಣ್ಣಿಗೆ ಕಾಣಲ್ಲ. ಮೈಗೆ ಕಾಣುತ್ತೆ."

"ಮೈಗೆ ಕಾಣೋದು ಅಂದರೆ?" ಎಂದಳು ಮಗಳು.

"ಪಾಸಿಟಿವ್ ಇರುವವರ ಕೆಂಪು ಕಣದ ಮೇಲೆ ಒಂದು ಗುರುತು ಇರುತ್ತೆ. ನಿನ್ನಂಥ ನೆಗೆಟಿವ್‌ನವರಿಗೆ ಆ ಗುರುತು ಇಲ್ಲ. ನಿನಗೆ ಹಾಕಿದ ಚೀಲ ಪಾಸಿಟಿವ್‌ನವರದಾಗಿದ್ದರೆ, ನಿನ್ನ ಮೈಯ ಕಾವಲಿನವರು 'ಇದು ನಮ್ಮ ಮನೆಯದಲ್ಲ' ಅಂತ ಆ ಗುರುತನ್ನು ನೆನಪಿಟ್ಟುಕೊಂಡಿರಬಹುದು. ಅದರ ವಿರುದ್ಧ ಆಂಟಿಬಾಡಿ ಅನ್ನೋದನ್ನು ತಯಾರು ಮಾಡಿರಬಹುದು. ನಿನಗೆ ಅದರಿಂದ ಏನೂ ಗೊತ್ತಾಗಲ್ಲ. ಎಷ್ಟೋ ವರ್ಷ ಸುಮ್ಮನಿರುತ್ತೆ. ಆಮೇಲೆ ಹೊಟ್ಟೆಯಲ್ಲಿ ಪಾಸಿಟಿವ್ ಮಗು ಬಂದರೆ, ಆ ಆಂಟಿಬಾಡಿ ಮಗುವಿನ ರಕ್ತಕ್ಕೂ ಹೋಗಿ ಅದರ ಕೆಂಪು ಕಣಗಳನ್ನು ಒಡೆಯುತ್ತೆ. ಮಗುಗೆ ರಕ್ತ ಕಡಿಮೆಯಾಗುತ್ತೆ, ಹುಟ್ಟಿದ ಮೇಲೆ ಕಾಮಾಲೆ ಏರುತ್ತೆ. ನೋಡಿಕೊಳ್ಳದಿದ್ದರೆ ಮಗುವೇ ಉಳಿಯದೆ ಹೋಗಬಹುದು."

ಮಗಳ ಕೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಯಿತು.

"ಮೊದಲನೇ ಮಗುಗೂನಾ?" ಇಸ್ತ್ರಿಯಕ್ಕನ ದನಿ ಇಳಿದಿತ್ತು.

"ನಿನ್ನ ನಾದಿನಿಯ ಮೈ ಆ ಗುರುತನ್ನು ನೋಡಿದ್ದೇ ಮೊದಲ ಹೆರಿಗೆಯಲ್ಲಿ. ಇವಳ ಮೈ ಚಿಕ್ಕಂದಿನಲ್ಲೇ ನೋಡಿಬಿಟ್ಟಿರಬಹುದು. ಆಗಿಯೇ ಇದೆ ಅಂತಲ್ಲ. ಪ್ಲೇಟ್‌ಲೆಟ್ ಹಾಕಿಸಿಕೊಂಡ ಹೆಚ್ಚಿನವರಿಗೆ ಏನೂ ಆಗಿರಲ್ಲ. ಕೆಲವರಿಗೆ ಆಗುತ್ತೆ. ಇವಳು ಯಾವ ಕಡೆ ಅನ್ನೋದನ್ನು ಪರೀಕ್ಷೆ ಮಾತ್ರ ಹೇಳುತ್ತೆ."

ಮಗಳು ಮೆಲ್ಲಗೆ ಕೇಳಿದಳು, "ಹಾಗಾದರೆ ಅಮ್ಮ ಅವತ್ತು ಆ ಚೀಲ ಹಾಕಿಸಿದ್ದು ತಪ್ಪಾ?"

ಬಣ್ಣದಯ್ಯನವರ ಎದೆಯಲ್ಲೂ ಅದೇ ಮಾತು ಚುಚ್ಚಿತ್ತು. ತುಟಿಗೆ ಬಂದಿರಲಿಲ್ಲ, ಅಷ್ಟೆ.

"ಹುಚ್ಚಿ," ಎಂದರು ನರ್ಸಮ್ಮ. "ಆ ಚೀಲ ಇಲ್ಲದಿದ್ದರೆ ಇವತ್ತು ನೀನೂ ಇಲ್ಲ, ನಿನ್ನ ಮಗುನೂ ಇಲ್ಲ. ನೆಗೆಟಿವ್ ಪ್ಲೇಟ್‌ಲೆಟ್ ಬೇಕು ಅಂದ ಹೊತ್ತಿಗೆ ಸಿಗಲ್ಲ. ಪ್ರಾಣ ಹೋಗುವಾಗ ಸಿಕ್ಕಿದ್ದನ್ನು ಹಾಕಲೇಬೇಕು. ನಿಮ್ಮಮ್ಮ ಮಾಡಿದ್ದು ಸರಿ, ವೈದ್ಯರು ಮಾಡಿದ್ದೂ ಸರಿ. ನೆಗೆಟಿವ್ ಇರುವ ಹೆಣ್ಣುಮಗುಗೆ ಪಾಸಿಟಿವ್ ಪ್ಲೇಟ್‌ಲೆಟ್ ಹಾಕಿದರೆ, ಮೂರು ದಿನದೊಳಗೆ ಆಂಟಿ-ಡಿ ಅನ್ನೋ ಮದ್ದು ಕೊಟ್ಟು ಇದನ್ನು ತಡೆಯೋಕೆ ಆಗುತ್ತೆ. ನಿನಗೆ ಕೊಟ್ಟಿದ್ದರೋ ಇಲ್ಲವೋ ನಮಗೆ ಗೊತ್ತಿಲ್ಲ. ಹೋದದ್ದರ ಲೆಕ್ಕ ಈಗ ಬೇಡ. ಇರೋ ಮಗುನ ನೋಡೋಣ."

ಅವರು ತಮ್ಮ ಬ್ಯಾಗನ್ನು ಹೆಗಲಿಗೇರಿಸಿಕೊಂಡು ಹೊರಟರು. ಬಾಗಿಲಲ್ಲಿ ನಿಂತು, "ಅಯ್ಯ, ಬಲವಂತ ಮಾಡಲ್ಲ. ಆದರೆ ತಡ ಮಾಡಬೇಡಿ," ಎಂದಷ್ಟೇ ಹೇಳಿದರು.

ಬಣ್ಣದಯ್ಯ ಒಲೆಯ ಮುಂದೆ ಬಂದು ಕೂತರು. ಕೊಪ್ಪರಿಗೆಯಲ್ಲಿ ಹಳದಿ ನೀರು ಸಣ್ಣಗೆ ಕುದಿಯುತ್ತಿತ್ತು. 'ಹಳದಿಯಲ್ಲಿ ಕೆಂಪು ಅಂತೆ. ಕಣ್ಣಿಗೆ ಕಾಣದ ಕೆಂಪು ಅಂತೆ' ಎಂದು ಮನಸ್ಸಿನಲ್ಲೇ ಗೊಣಗಿದರು.

ಹೋದವರು ಕರೆದಾಗ ಬರುವುದಿಲ್ಲ. ಕೈ ಕೆಲಸದಲ್ಲಿದ್ದಾಗ ಪಕ್ಕದಲ್ಲಿ ಬಂದು ನಿಲ್ಲುತ್ತಾರೆ. ಬಣ್ಣದಯ್ಯ ಕೋಲು ಹಿಡಿದು ಲಡಿಯನ್ನು ತಿರುವಿದಾಗ ಹೆಂಡತಿ ಹಾಗೇ ಬಂದು ನಿಂತಳು.

ಮದುವೆಯಾದ ಹೊಸತು. ಹಿಂದಿನ ದಿನ ಕೆಂಪು ಅದ್ದಿದ್ದ ಕೊಪ್ಪರಿಗೆಯನ್ನು ಅವರು ಬೂದಿ ಹಾಕಿ ತಿಕ್ಕಿ, ಬೆಳಗುವಂತೆ ತೊಳೆದು ಹಳದಿ ಹಾಕಿದ್ದರು. ಲಡಿಗಳು ಹೊಳೆಯುವಂಥ ಹಳದಿಯಾಗಿ ಬಂದವು. ಅವರಿಗೆ ಹೆಮ್ಮೆ. ಹೊಸ ಹೆಂಡತಿ ಒದ್ದೆ ಲಡಿಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದಳು.

"ರೀ, ಇದರಲ್ಲಿ ನಿನ್ನೆಯ ಕೆಂಪು ಇದೆ."

"ನಿನ್ನ ಕಣ್ಣಲ್ಲಿದೆ ಕೆಂಪು. ಕೊಪ್ಪರಿಗೆಯಲ್ಲಿ ಮುಖ ನೋಡಿಕೊಳ್ಳಬಹುದು, ಹಾಗೆ ತೊಳೆದಿದ್ದೀನಿ."

"ಮುಖ ನೋಡಿಕೊಳ್ಳಿ. ಆದರೆ ನೂಲನ್ನು ಒಣಗಿದ ಮೇಲೆ ನೋಡಿ."

ಬಿಸಿಲಿಗೆ ಒಣಗಿದ ಮೇಲೆ ನೂಲಿನ ಮೈಮೇಲೆ ಸಣ್ಣ ಕೆಂಪು ಛಾಯೆ ಎದ್ದು ಕೂತಿತ್ತು. ಕೊಪ್ಪರಿಗೆಯ ಹಿಡಿಯ ಸಂದಿಯಲ್ಲಿ ಉಳಿದಿದ್ದ ಚಿಟಿಕೆ ಬಣ್ಣ ಇಡೀ ಹಳದಿಯನ್ನು ಕೆಡಿಸಿತ್ತು. ಅವರು ಬಾಯಿ ಮುಚ್ಚಿಕೊಂಡು ಲಡಿಗಳನ್ನು ಬಣ್ಣ ತೆಗೆಯಲು ಮತ್ತೆ ನೆನೆಹಾಕಿದರು. ಹಿಡಿದ ಬಣ್ಣ ಬಿಡಲಿಲ್ಲ. ಅಂದಿನಿಂದ ಅವಳು ಕಿಟಕಿಗೆ ಹಿಡಿದು ನೋಡದೆ ಒಂದು ಲಡಿಯೂ ಆ ಮನೆಯಿಂದ ಹೊರಗೆ ಹೋಗಲಿಲ್ಲ. ಜೀವಮಾನವಿಡೀ ಅವರು, "ಏನಮ್ಮ, ನಿನ್ನೆಯ ಕೆಂಪು ಇದೆಯಾ?" ಎಂದು ಅವಳನ್ನು ಕೆಣಕುತ್ತಿದ್ದರು. ಅವಳು, "ಇದ್ದರೆ ಹೇಳ್ತೀನಿ, ಸುಮ್ಮನಿರಿ" ಎನ್ನುತ್ತಿದ್ದಳು.

ಬಣ್ಣದಯ್ಯ ಕೋಲನ್ನು ಕೆಳಗಿಟ್ಟರು. ಅವರ ಕಣ್ಣಿನಿಂದ ನೀರಿಳಿಯುತ್ತಿತ್ತು. ಅದು ಹೊಗೆಯಿಂದ ಬಂದದ್ದಲ್ಲ. ಅವಳು ಇದ್ದಿದ್ದರೆ ಇವತ್ತು ಏನೆನ್ನುತ್ತಿದ್ದಳು ಎಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಒಲೆಯ ಕೊಳ್ಳಿಗಳನ್ನು ಹಿಂದಕ್ಕೆಳೆದು, ಮುಖ ತೊಳೆದು ಒಳಗೆ ಬಂದರು.

"ಚಪ್ಪಲಿ ಹಾಕಿಕೋ ಮಗಳೆ. ದೊಡ್ಡಾಸ್ಪತ್ರೆಗೆ ಹೋಗೋಣ."

"ಅಪ್ಪ, ನೀನು ಆ ರಸ್ತೆಗೆ..."

"ನಾನೇನು ನನ್ನ ಸಂಕಟ ನೋಡಿಕೊಂಡು ಕೂರಲಾ? ನಡಿ."

ಆಸ್ಪತ್ರೆಯ ಮೆಟ್ಟಿಲ ಬಳಿ ಅವರ ಕಾಲು ನಿಂತಿತು. ಮಗಳು ಸುಮ್ಮನೆ ಅವರ ಕೈ ಹಿಡಿದಳು. ಹಿಂದಿನ ಸಲ ಈ ಮೆಟ್ಟಿಲಿಳಿಯುವಾಗ ಅವರ ಕೈಯಲ್ಲಿ ಹೆಂಡತಿಯ ಮಡಚಿದ ಶಾಲು ಮಾತ್ರ ಇತ್ತು. ದೇವರನ್ನು ನೆನೆದು ಅವರು ಹತ್ತಿದರು.

ಪರೀಕ್ಷೆಯಲ್ಲಿ ಆಂಟಿಬಾಡಿ ಇದೆ ಎಂದೇ ಬಂತು. ಅಳಿಯ ಲಾರಿಯನ್ನು ಇನ್ನೊಬ್ಬನ ಕೈಗೊಪ್ಪಿಸಿ ಓಡಿ ಬಂದ. "ಮತ್ತೇನು ಡಾಕ್ಟ್ರೇ, ಆ ಆಂಟಿ-ಡಿ ಇಂಜೆಕ್ಷನ್ ಈಗಲೇ ಕೊಟ್ಟುಬಿಡಿ," ಎಂದ.

ವೈದ್ಯೆ ತಲೆಯಾಡಿಸಿದರು. "ಅದು ಆಂಟಿಬಾಡಿ ಹುಟ್ಟದ ಹಾಗೆ ತಡೆಯುತ್ತೆ ಅಷ್ಟೆ. ಹುಟ್ಟಿದ ಮೇಲೆ ಅಳಿಸೋಕಾಗಲ್ಲ."

"ಹಿಡಿದ ಬಣ್ಣ," ಎಂದರು ಬಣ್ಣದಯ್ಯ ತಮ್ಮಷ್ಟಕ್ಕೆ.

"ಆದರೆ ಹೆದರಬೇಡಿ. ನಮಗೆ ಮುಂಚೆ ಗೊತ್ತಾಯಿತು, ಅದೇ ದೊಡ್ಡದು. ಆಗಾಗ ರಕ್ತ ಪರೀಕ್ಷೆ ಮಾಡಿ ಆಂಟಿಬಾಡಿ ಏರುತ್ತಿದೆಯಾ ನೋಡ್ತೀವಿ. ಏರಿದರೆ ಸ್ಕ್ಯಾನ್‌ನಲ್ಲಿ ಮಗುವಿನ ತಲೆಯಲ್ಲಿ ರಕ್ತ ಎಷ್ಟು ಜೋರಾಗಿ ಓಡುತ್ತಿದೆ ಅಂತ ನೋಡ್ತೀವಿ. ರಕ್ತ ಕಡಿಮೆಯಾಗಿದ್ದರೆ ಅದರಲ್ಲೇ ಸುಳಿವು ಸಿಗುತ್ತೆ. ತೀರಾ ಬೇಕಾದರೆ ಹೊಟ್ಟೆಯೊಳಗಿರುವಾಗಲೇ ಮಗುಗೆ ರಕ್ತ ಕೊಡೋ ದಾರಿನೂ ಇದೆ. ಹೆರಿಗೆ ಮಾತ್ರ ಇಲ್ಲೇ ಆಗಬೇಕು."

ಆಮೇಲಿನ ತಿಂಗಳುಗಳು ಬಣ್ಣದಯ್ಯನವರಿಗೆ ಆ ಮುಚ್ಚಿಹೋಗಿದ್ದ ರಸ್ತೆಯಲ್ಲೇ ಕಳೆದವು. ಮೊದಮೊದಲು ತಲೆತಗ್ಗಿಸಿ ಹೋಗುತ್ತಿದ್ದರು. ಬರಬರುತ್ತಾ ತಲೆಯೆತ್ತಿ ನೋಡತೊಡಗಿದರು. ಮಗಳು ಚಿಕ್ಕವಳಿದ್ದಾಗ ಮಲಗಿದ್ದ ಕಿಟಕಿ ಅಲ್ಲೇ ಇತ್ತು. ಆ ಕಿಟಕಿಯ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತು ಒಂದು ಮಧ್ಯಾಹ್ನ ಅವರಿಗೆ ತಿಳಿಯಿತು: ಹೆಂಡತಿ ಹೋದದ್ದೂ ಇಲ್ಲೇ, ಮಗಳು ಮರಳಿ ಸಿಕ್ಕಿದ್ದೂ ಇಲ್ಲೇ. ಅವರು ಒಂದನ್ನಷ್ಟೇ ನೆನಪಿಟ್ಟುಕೊಂಡು ಇನ್ನೊಂದನ್ನು ಮರೆತಿದ್ದರು.

ಏಳನೆಯ ತಿಂಗಳ ನಂತರ ಆಂಟಿಬಾಡಿ ಮೆಲ್ಲಗೆ ಏರಿತು. ಸ್ಕ್ಯಾನ್‌ಗಳು ಹೆಚ್ಚಾದವು. ದಿನ ತುಂಬುವುದಕ್ಕೆ ಸ್ವಲ್ಪ ಮುಂಚೆಯೇ ಹೆರಿಗೆ ಮಾಡಿಸುವುದು ಒಳ್ಳೆಯದೆಂದು ವೈದ್ಯೆ ಹೇಳಿದರು. ಒಂದು ಬೆಳಗ್ಗೆ ಹೆಣ್ಣು ಮಗು ಹುಟ್ಟಿತು. ಪಾಸಿಟಿವ್ ಗುಂಪು. ಅಳು ಜೋರಾಗಿತ್ತು. ಆದರೆ ಸಂಜೆಯ ಹೊತ್ತಿಗೆ ಮುಖ, ಎದೆ, ಹೊಟ್ಟೆ ಎಲ್ಲ ಹಳದಿಗೆ ತಿರುಗಿದವು.

ಮಗುವನ್ನು ನೀಲಿ ಬೆಳಕಿನ ಕೆಳಗೆ ಮಲಗಿಸಿದರು. ಬೇಕಾದರೆ ಇರಲೆಂದು ಹೊಂದುವ ರಕ್ತವನ್ನೂ ತರಿಸಿಟ್ಟರು. ಬಣ್ಣದಯ್ಯ ಗಾಜಿನ ಹೊರಗೆ ನಿಂತು ನೋಡಿದರು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಹಳದಿ ಕೂಸು, ಮೇಲೆ ನೀಲಿ ದೀಪ.

"ಇಷ್ಟು ವರ್ಷದ ಕೆಲಸದಲ್ಲಿ ಹಳದಿ ಮೇಲೆ ನೀಲಿ ಬಿದ್ದರೆ ಹಸಿರಾಗೋದನ್ನೇ ನೋಡಿದ್ದೀನಿ," ಎಂದರು ಮಗುವನ್ನು ನೋಡಲು ಬಂದು ಪಕ್ಕದಲ್ಲಿ ನಿಂತಿದ್ದ ನರ್ಸಮ್ಮನಿಗೆ.

"ಇಲ್ಲಿ ಹಳದಿನೇ ಹೋಗುತ್ತೆ ಅಯ್ಯ. ಸ್ವಲ್ಪ ತಾಳಿ."

"ಈ ಬಣ್ಣ ಬಿಡುತ್ತಾ?"

"ಇದು ಬಿಡುವ ಬಣ್ಣ."

ಬಣ್ಣದಯ್ಯ ಕಂಕುಳಲ್ಲಿದ್ದ ಶಾಲನ್ನು ಮುಂದೆ ಮಾಡಿದರು. "ಇದನ್ನಾದರೂ ಹೊದಿಸಿ. ಅಜ್ಜಿಯದು."

ನರ್ಸಮ್ಮ ಶಾಲನ್ನು ನೋಡಿ, ಅವರನ್ನು ನೋಡಿ, ನಗು ತಡೆದುಕೊಂಡರು. "ಒಳ್ಳೇ ಅಜ್ಜ ನೀವು! ಬೆಳಕು ಮೈಗೆ ತಾಗಬೇಕು ಅಂತ ಬರಿಮೈಯಲ್ಲಿ ಮಲಗಿಸಿದ್ದಾರೆ. ಅದೂ ಅಲ್ಲದೆ ಹಳದಿ ಬಟ್ಟೆ ಹೊದಿಸಿದರೆ ಮಗುವಿನ ಹಳದಿ ಹೇಗೆ ತಿಳಿಯುತ್ತೆ? ಕಾಮಾಲೆ ಪೂರ್ತಿ ಹೋಗೋವರೆಗೂ ಬಿಳಿ ಬಟ್ಟೆ ಮಾತ್ರ. ಇದು ಪೆಟ್ಟಿಗೆಯಲ್ಲೇ ಇರಲಿ."

ಬಣ್ಣದಯ್ಯ ಮರುಮಾತಾಡದೆ ಶಾಲನ್ನು ಮಡಚಿಕೊಂಡರು. ಬಣ್ಣದ ವಿಷಯದಲ್ಲಿ ಒಬ್ಬ ಹೆಂಗಸಿನ ಮಾತಿಗೆ ಅವರು ಹೀಗೆ ಸುಮ್ಮನಾಗಿ ಬಹಳ ದಿನವಾಗಿತ್ತು.

ತರಿಸಿಟ್ಟ ರಕ್ತ ಬೇಕಾಗಲಿಲ್ಲ. ದೀಪದ ಕೆಳಗೆ ಹಳದಿ ಇಳಿಯಿತು. ಮಗುವನ್ನು ಮನೆಗೆ ಕಳಿಸಿದ ಮೇಲೂ ರಕ್ತ ಕಡಿಮೆಯಾಗಿದೆಯೇ ಎಂದು ಕೆಲವು ವಾರ ಕರೆಸಿ ಪರೀಕ್ಷಿಸಿದರು. ಅತ್ತ ಇಸ್ತ್ರಿಯಕ್ಕ ಸುಮ್ಮನಿರಲಿಲ್ಲ. ಇಸ್ತ್ರಿ ಬಟ್ಟೆ ಕೊಡಲು ಹೋದ ಮನೆಯಲ್ಲೆಲ್ಲ, "ನಿಮ್ಮ ಹುಡುಗಿಗೆ ಜ್ವರದಲ್ಲಿ ಹಳದಿ ಚೀಲ ಹಾಕಿದ್ದರಾ? ನೆನಪು ಮಾಡಿಕೊಂಡು ಹೇಳಿ. ಹಳದಿಯಾದರೂ ಅದು ರಕ್ತವೇ!" ಎಂದು ಕೇಳತೊಡಗಿದಳು. "ಅಂಗಿಯ ಗುಂಡಿ ಸುಟ್ಟಿದ್ದೀಯಲ್ಲ?" ಎಂದು ಅವರು ಕೇಳಿದರೆ, "ಗುಂಡಿ ಇರಲಿ, ಮೊದಲು ಇದಕ್ಕೆ ಉತ್ತರ ಕೊಡಿ" ಎನ್ನುತ್ತಿದ್ದಳು.

ಒಂದು ಬೆಳಗ್ಗೆ ನರ್ಸಮ್ಮ ಮನೆಗೆ ಬಂದರು. ಬಿಳಿ ಬಟ್ಟೆಯಲ್ಲಿದ್ದ ಮಗುವನ್ನು ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. ಬೆರಳಿನಿಂದ ಮೂಗಿನ ತುದಿಯನ್ನು ಮೆಲ್ಲಗೆ ಒತ್ತಿ ಬಿಟ್ಟು ನೋಡಿದರು. ಕಣ್ಣ ಬಿಳುಪು ನೋಡಿದರು. ಆಸ್ಪತ್ರೆಯ ಕೊನೆಯ ಪರೀಕ್ಷೆಯ ಫಲವನ್ನೂ ಕೇಳಿ ತಿಳಿದುಕೊಂಡರು. ಆಮೇಲೆ ಮಗುವನ್ನು ಬಣ್ಣದಯ್ಯನವರ ಕೈಗಿತ್ತರು.

"ಈಗ ನೀವು ನೋಡಿ ಅಯ್ಯ. ಈ ಕಣ್ಣಿನಿಂದ ಹೊಟ್ಟೆ ಹೊರೆದವರು."

ಆ ಕಿಟಕಿಯಲ್ಲಿ, ಹೆಂಡತಿ ಹೋದ ಮೇಲೆ, ಯಾರೂ ಏನನ್ನೂ ಬೆಳಕಿಗೆ ಹಿಡಿದು ನೋಡಿರಲಿಲ್ಲ. ಬಣ್ಣದಯ್ಯ ಮೊಮ್ಮಗಳನ್ನು ಬೆಳಕಿಗೆ ತಿರುಗಿಸಿ, ಒಂದು ಕಣ್ಣು ಮುಚ್ಚಿಕೊಂಡು, ಬಹಳ ಹೊತ್ತು ನೋಡಿದರು. ಮಗು ಆಕಳಿಸಿತು.

"ನಿನ್ನೆಯದು ಏನೂ ಇಲ್ಲ," ಎಂದರು. "ಪೆಟ್ಟಿಗೆ ತೆಗಿ ಮಗಳೆ."

ಮಗಳು ಶಾಲು ತಂದಳು. ಎಳೆಬಿಸಿಲಿನ ಆ ಹಳದಿಯಲ್ಲಿ ಅಜ್ಜ ಮೊಮ್ಮಗಳನ್ನು ಸುತ್ತಿದರು. ಅಂದು ಮಧ್ಯಾಹ್ನ ಬೋರಲು ಬಿದ್ದಿದ್ದ ಕೊಪ್ಪರಿಗೆಗಳಲ್ಲಿ ಒಂದನ್ನು ಎತ್ತಿ ಎರಡನೆಯ ಒಲೆಯ ಮೇಲಿಟ್ಟರು.

ಓದುತ್ತಿರುವ, ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಇಂದು ಮನೆಗೆ ಹೋಗಿ ನಿಮ್ಮ ಹಿರಿಯರನ್ನು ಕೂರಿಸಿಕೊಂಡು ಕೇಳಿ. ಚಿಕ್ಕಂದಿನಲ್ಲಿ ಜ್ವರವೋ, ಅಪಘಾತವೋ, ಶಸ್ತ್ರಚಿಕಿತ್ಸೆಯೋ ಆದಾಗ ನಿಮಗೆ ಏನನ್ನಾದರೂ ಚೀಲದಲ್ಲಿ ತೂಗುಹಾಕಿ ಕೊಟ್ಟಿದ್ದರೇ, ಅದು ರಕ್ತದಿಂದ ತೆಗೆದದ್ದೇ ಎಂದು ವಿಚಾರಿಸಿ. ಹೇಳಬಲ್ಲವರು ಇರುವಾಗಲೇ ಕೇಳಿಕೊಳ್ಳಿ. "ರಕ್ತ ಹಾಕಿದ್ದಾರಾ?" ಎಂದು ವೈದ್ಯರು ಕೇಳಿದರೆ ಪ್ಲೇಟ್‌ಲೆಟ್ ಹಾಕಿದ್ದನ್ನೂ ತಪ್ಪದೆ ಹೇಳಿ. ಪ್ಲೇಟ್‌ಲೆಟ್ ಬೇಕೆಂದು ವೈದ್ಯರು ಹೇಳಿದಾಗ ಈ ಕಥೆ ನೆನೆದು ಬೇಡ ಎನ್ನಬೇಡಿ. ಅದು ಪ್ರಾಣ ಉಳಿಸುತ್ತದೆ. ಆದರೆ ಹಾಕಿಸಿಕೊಳ್ಳುವವಳು ನೆಗೆಟಿವ್ ಗುಂಪಿನ ಹುಡುಗಿಯೋ, ಮುಂದೆ ತಾಯಿಯಾಗುವವಳೋ ಆಗಿದ್ದರೆ, "ಆಂಟಿ-ಡಿ ಬೇಕಾಗುತ್ತದೆಯೇ?" ಎಂದು ಅಲ್ಲೇ, ಆಗಲೇ ಕೇಳಿ. ನೆಗೆಟಿವ್ ಗುಂಪಿನ ಬಸುರಿಯಾದರೆ, ಮೊದಲನೆಯ ಮಗು ಎಂದು ಉದಾಸೀನ ಮಾಡದೆ ಆಂಟಿಬಾಡಿ ಪರೀಕ್ಷೆ ಮಾಡಿಸಿ. ಹೆರಿಗೆಯ ನಂತರವೂ, ಗರ್ಭ ಇಳಿದಾಗಲೂ ಅದೇ ಮದ್ದಿನ ಬಗ್ಗೆ ವೈದ್ಯರನ್ನು ಕೇಳಿ.

ದೇವರು ಪ್ರತಿ ಮನೆಯ ಕೂಸನ್ನೂ ಕಾಪಾಡಲಿ. ಆತ ಕಾಪಾಡುವುದು ಎಷ್ಟೋ ಸಲ ನಾವು ನೆನಪು ಮಾಡಿಕೊಂಡು ಹೇಳುವ ಒಂದು ಮಾತಿನ ಮೂಲಕವೇ. ಆ ಮಾತನ್ನು ನುಂಗಿಕೊಳ್ಳಬೇಡಿ, ಹೇಳಿಬಿಡಿ.